ತೇಲುದ್ವೀಪ ಕಟ್ಟಲು ಅಜ್ಗಾರ್ ನಕ್ಷೆಯಂತ್ರ: ಗೆರೆ ಅದರದು, ನೀರಿನ ಲೆಕ್ಕ ನಿಮ್ಮದು

ಅಜ್ಗಾರ್ ಎಂಬ ಹೆಸರಿನ ಡೆವಲಪರ್ ಮಾಡಿರುವ ಫ್ಯಾಂಟಸಿ ಮ್ಯಾಪ್ ಜನರೇಟರ್ ಪುಕ್ಕಟೆ ಸಿಗುತ್ತದೆ, ಬ್ರೌಸರಿನಲ್ಲೇ ಓಡುತ್ತದೆ, ಸೋರ್ಸ್ ಕೋಡ್ ಕೂಡ ಎಲ್ಲರಿಗೂ ತೆರೆದಿದೆ. ಪುಟ ತೆರೆದರೆ ಸಾಕು, ಬೆಟ್ಟ, ನದಿ, ರಾಜ್ಯ, ಊರು, ದಾರಿ, ಧರ್ಮ, ಸೈನ್ಯ ಎಲ್ಲ ತುಂಬಿದ ಲೋಕ ಕಣ್ಣೆದುರಿಗೆ ಬಂದು ಕೂರುತ್ತದೆ. ಪಾತ್ರ ವಹಿಸಿ ಆಡುವ, ಕಥೆ ನೆಲದ ಮೇಲೆ ನಡೆಯುವ ರೋಲ್‌ಪ್ಲೇಯಿಂಗ್ ಆಟಕ್ಕೆ ದುಡ್ಡಿಲ್ಲದೆ ಇಷ್ಟು ಕೆಲಸ ಮಾಡಿಕೊಡುವ ಇನ್ನೊಂದು ಸಾಧನ ಸಿಗುವುದು ಕಷ್ಟ. ಇಲ್ಲಿ ನೋಡಹೊರಟಿರುವುದು ಬೇರೆ: ಗಾಳಿಯಲ್ಲಿ ತೇಲುವ ದ್ವೀಪಗಳ ಜೀವಲೋಕ ಕಟ್ಟಲು ಇದು ಎಷ್ಟು ಒದಗುತ್ತದೆ? ಅಳತೆಗೋಲಿಗೆ ದೂರ ಹೋಗಬೇಕಿಲ್ಲ. ನಂದಿ, ಸ್ಕಂದಗಿರಿ, ದೇವರಾಯನದುರ್ಗ, ಮಧುಗಿರಿ, ಕೋಲಾರದ ಶತಶೃಂಗ ಇವೆ. ಬಯಲಿನ ನಡುವೆ ಎದ್ದುನಿಂತ ಈ ಬಂಡೆಬೆಟ್ಟಗಳು ಗಿಡ, ಹಕ್ಕಿ, ಹುಳುಗಳ ಪಾಲಿಗೆ ಈಗಾಗಲೇ ಅರ್ಧ ದ್ವೀಪಗಳೇ. ಹಳದಿ ಕೊರಳಿನ ಪಿಕಳಾರ ಹಕ್ಕಿ ಇಂಥ ಕಲ್ಲುಬೆಟ್ಟಗಳಿಗೇ ಅಂಟಿಕೊಂಡಿದೆ, ನಡುವಿನ ಹೊಲಗದ್ದೆಯಲ್ಲಿ ಕಾಣುವುದಿಲ್ಲ. ಆಟಕ್ಕೆ ಬೇಕಾದವರು ಬೆಟ್ಟದ ಬುಡ ಕತ್ತರಿಸಿ ಮೇಲಕ್ಕೆತ್ತಿದರಾಯಿತು.

ತೀರ್ಪು ಮೊದಲೇ ಹೇಳಿಬಿಡುವುದು ವಾಸಿ. ಆಕಾರ, ಹೆಸರು, ಗಡಿ, ಊರುಗಳಿಗೆ ಐದರಲ್ಲಿ ನಾಲ್ಕೂವರೆ. ಉಷ್ಣಾಂಶಕ್ಕೆ, ಸೆಟ್ಟಿಂಗ್ ತಿದ್ದಿಕೊಂಡರೆ, ನಾಲ್ಕು. ನೀರು, ಮಣ್ಣು, ಮೇವು, ಜನಸಂಖ್ಯೆಗೆ ಎರಡು ಕೊಟ್ಟರೂ ಧಾರಾಳ. ಈ ಯಂತ್ರಕ್ಕೆ ಖಾಲಿ ಆಕಾಶ ಎಂಬ ವಸ್ತುವೇ ಗೊತ್ತಿಲ್ಲ. ದ್ವೀಪದ ಸುತ್ತ ಇರುವುದೆಲ್ಲ ಅದಕ್ಕೆ ಕಡಲು.

ಒಳಗಿನ ವ್ಯವಸ್ಥೆ ತಿಳಿದರೆ ಎಲ್ಲಿ ಕೈಹಾಕಬೇಕೆಂದು ತಿಳಿಯುತ್ತದೆ. ನಕ್ಷೆ ಸಾವಿರಾರು ಚಿಕ್ಕ ಕೋಶಗಳಾಗಿ ಒಡೆದಿರುತ್ತದೆ. ಸಾಮಾನ್ಯ ಸೆಟ್ಟಿಂಗ್ 10,000, ಏರಿಸಿದರೆ 1,00,000. ಪ್ರತಿ ಕೋಶಕ್ಕೂ 0ಯಿಂದ 100ರವರೆಗೆ ಎತ್ತರದ ಅಂಕ. 20ಕ್ಕಿಂತ ಕಡಿಮೆ ಇದ್ದದ್ದು ನೀರು, ಉಳಿದದ್ದು ನೆಲ. ಆಮೇಲೆ ನಕ್ಷೆಯ ಅಂಚಿನಿಂದ ಗಾಳಿ ಬೀಸಿಸುತ್ತದೆ. ಗಾಳಿ ನೀರಿನ ಮೇಲೆ ಹಾದಾಗ ತೇವ ತುಂಬಿಕೊಳ್ಳುತ್ತದೆ, ನೆಲದ ಮೇಲೆ ಮಳೆಯಾಗಿ ಚೆಲ್ಲುತ್ತದೆ, ಬೆಟ್ಟ ಅಡ್ಡ ಬಂದರೆ ಹೆಚ್ಚು ಚೆಲ್ಲುತ್ತದೆ. ಮಳೆ, ಉಷ್ಣಾಂಶ ಎರಡನ್ನೂ ಕೂಡಿಸಿ ಕೋಶಕ್ಕೊಂದು ಜೀವವಲಯ ಹಚ್ಚುತ್ತದೆ: ಬಿಸಿ ಮರುಭೂಮಿ, ಹುಲ್ಲುಗಾವಲು, ಎಲೆಯುದುರುವ ಕಾಡು, ಮಳೆಕಾಡು ಹೀಗೆ ಕಡಲೂ ಸೇರಿ 13. ಭೂಮಿಯ ಮೇಲಿನ ಖಂಡಕ್ಕೆ ಇದು ಒಳ್ಳೆಯ ಲೆಕ್ಕ. ತೇಲುದ್ವೀಪಕ್ಕೆ ಮಾತ್ರ ಇಲ್ಲೇ ಎಡವಟ್ಟು. ಖಾಲಿ ಆಕಾಶವನ್ನು 20ಕ್ಕಿಂತ ಕೆಳಗಿಟ್ಟ ಕೂಡಲೇ ಅದು ಕೊನೆಯಿಲ್ಲದ ಸಮುದ್ರವಾಗಿ ಗಾಳಿಗೆ ತೇವ ಉಣಿಸುತ್ತಲೇ ಇರುತ್ತದೆ. ಪಾವಗಡದ ಹವೆ ಬೇಕೆಂದು ಕೂತವರಿಗೆ ಆಗುಂಬೆ ಸಿಗುತ್ತದೆ.

ಮೊದಲು ಆಕಾರದ ಕೆಲಸ. ಹೈ ಐಲೆಂಡ್, ಆರ್ಕಿಪೆಲಾಗೊ ಮೊದಲಾದ ಸಿದ್ಧ ಮಾದರಿಗಳನ್ನು ಹಾಗೇ ಬಳಸಬೇಡಿ. ಅವು ಅಂಚಿಗೆ ಬರುತ್ತಾ ಇಳಿಜಾರಾಗಿ ಮರಳದಂಡೆಯಲ್ಲಿ ಮುಗಿಯುತ್ತವೆ. ತೇಲುನೆಲಕ್ಕೆ ದಂಡೆಯಿಲ್ಲ, ನಂದಿಯ ಟಿಪ್ಪು ಡ್ರಾಪ್‌ನಂಥ ಕಡಿದಾದ ಅಂಚು ಬೇಕು. ಎತ್ತರ ತಿದ್ದುವ ಹೈಟ್‌ಮ್ಯಾಪ್ ಎಡಿಟರನ್ನು ಅಳಿಸುವ ಕ್ರಮದಲ್ಲಿ, ಅಂದರೆ ಇರೇಸ್ ಮೋಡ್‌ನಲ್ಲಿ, ತೆರೆದು ಟೆಂಪ್ಲೇಟ್ ಎಡಿಟರಿಗೆ ಹೋಗಿ. ಗುಡ್ಡ, ಸಾಲು, ಹಳ್ಳಗಳ ಹಂತಗಳನ್ನು ಹಾಕಿದ ಮೇಲೆ ಕೊನೆಯ ಹಂತವಾಗಿ ನೆಲಕ್ಕೆ ಮಾತ್ರ 25 ಕೂಡಿಸಿ. ಆಗ ಅಂಚಿನ ಕೋಶವೂ 45ರಿಂದ ಶುರುವಾಗುತ್ತದೆ, ನೀರಿಗೂ ನೆಲಕ್ಕೂ ನಡುವೆ ಗೋಡೆ ಏಳುತ್ತದೆ. ಇದಕ್ಕಿಂತ ಹಿಡಿತ ಬೇಕಾದವರಿಗೆ ಇಮೇಜ್ ಕನ್ವರ್ಟರ್ ಇದೆ: ಕಪ್ಪು ಹಿನ್ನೆಲೆಯಲ್ಲಿ ಬೂದು ಬಣ್ಣದ ದ್ವೀಪ ಬರೆದು, ಎತ್ತರ ಹೆಚ್ಚಿದಷ್ಟೂ ಬೆಳ್ಳಗೆ ಮಾಡಿ, ಅಪ್‌ಲೋಡ್ ಮಾಡಿ, ಹೊಳಪಿನ ಆಧಾರದ ಮೇಲೆ ಎತ್ತರ ಹಂಚಲು ಹೇಳಬೇಕು. ಬ್ರಷ್ಷಿನ ಅಂಚು ಮೃದುವಾಗಿದ್ದರೆ ಮತ್ತೆ ಮರಳದಂಡೆಯೇ ಬರುತ್ತದೆ. ಗಟ್ಟಿ ಅಂಚಿನ ಬ್ರಷ್ ಇರಲಿ.

ಎಚ್ಚರಿಕೆ ಇಷ್ಟೇ: ಎತ್ತರದ ಕೆಲಸ ಪೂರ್ತಿ ಮುಗಿಯುವವರೆಗೆ ರಾಜ್ಯ, ಊರು, ಹೆಸರು ಯಾವುದನ್ನೂ ಮುಟ್ಟಬಾರದು. ಇರೇಸ್ ಮೋಡ್ ಹೆಸರಿಗೆ ತಕ್ಕಂತೆ ಮೇಲಿನದನ್ನೆಲ್ಲ ಗುಡಿಸಿಹಾಕುತ್ತದೆ. ಕೀಪ್ ಮೋಡ್ ಉಳಿಸುತ್ತದೆ, ಆದರೆ ಅದರಲ್ಲಿ ನೆಲದ ಅಂಚನ್ನು ಬದಲಿಸಲಾಗದು. ಎರಡರ ನಡುವಿನ ರಿಸ್ಕ್ ಮೋಡ್‌ನಲ್ಲಿ ನದಿಗಳು, ಊರುಗಳು ಅಡ್ಡಾದಿಡ್ಡಿ ಆಗುವ ಸಂಭವ ಜಾಸ್ತಿ.

ಉಷ್ಣಾಂಶ ಸುಲಭ. ಕಾನ್ಫಿಗರ್ ವರ್ಲ್ಡ್ ಕಿಟಕಿಯಲ್ಲಿ ನಕ್ಷೆಯ ಗಾತ್ರವನ್ನು ಶೇ. 1ಕ್ಕೆ ಇಳಿಸಿ, ಇಲ್ಲದಿದ್ದರೆ ಒಂದು ತುದಿಯಲ್ಲಿ ಹಿಮ, ಇನ್ನೊಂದು ತುದಿಯಲ್ಲಿ ಸೆಕೆ. ಅಕ್ಷಾಂಶದ ಜಾರುಪಟ್ಟಿಯನ್ನು ಸುಮಾರು 43ಕ್ಕೆ ತಂದರೆ ಚಿಕ್ಕಬಳ್ಳಾಪುರದ 13 ಡಿಗ್ರಿ ಉತ್ತರಕ್ಕೆ ಹತ್ತಿರ ಕೂರುತ್ತದೆ. ಯಂತ್ರ ಕಿಲೋಮೀಟರಿಗೆ 6.5 ಡಿಗ್ರಿ ಸೆಲ್ಸಿಯಸ್ ಲೆಕ್ಕದಲ್ಲಿ ತಂಪು ಮಾಡುತ್ತದೆ, ಅದು ಸರಿಯಾದ ಅಂಕಿಯೇ. ಚಿಕ್ಕಬಳ್ಳಾಪುರ ಪಟ್ಟಣ ಸುಮಾರು 915 ಮೀಟರ್, ನಂದಿ ತುದಿ 1,478 ಮೀಟರ್; ಈ 560 ಮೀಟರಿಗೆ ಸುಮಾರು 3.7 ಡಿಗ್ರಿ ವ್ಯತ್ಯಾಸ ಬರಬೇಕು, ಬೆಳಗಿನ ಹೊತ್ತು ಮೇಲೆ ಹೋದವರಿಗೆ ಅದು ಗೊತ್ತು. ಆದರೆ ದ್ವೀಪದ ಬುಡ ಬಯಲಿನಿಂದ 2,000 ಮೀಟರ್ ಮೇಲಿದೆ ಎಂಬುದು ಯಂತ್ರಕ್ಕೆ ಗೊತ್ತಿಲ್ಲ. ಸಮಭಾಜಕದ ಉಷ್ಣಾಂಶವನ್ನು ಕೈಯಾರೆ 13 ಡಿಗ್ರಿ ಇಳಿಸಬೇಕು. ಜೊತೆಗೆ ಆ 25 ಕೂಡಿಸಿದ್ದರಿಂದ ಅಂಚೇ ಸುಮಾರು 377 ಮೀಟರ್ ಎತ್ತರದ್ದೆಂದು ಅದು ಎಣಿಸುತ್ತದೆ, ಅದಕ್ಕೆ ಇನ್ನೊಂದೆರಡು ಡಿಗ್ರಿ ತಾನೇ ಕಳೆದಿರುತ್ತದೆ. ಆ ಎರಡನ್ನು ವಾಪಸು ಸೇರಿಸಿ, ಒಟ್ಟು 11 ಡಿಗ್ರಿ ಇಳಿಸಿದರೆ ಲೆಕ್ಕ ಕೂಡುತ್ತದೆ.

ಗಾಳಿಯ ಬಾಣಗಳನ್ನು ಕ್ಲಿಕ್ಕಿಸಿ ನೈಋತ್ಯದಿಂದ ಬೀಸುವಂತೆ ತಿರುಗಿಸಬಹುದು. ಮಳೆಯ ಪ್ರಮಾಣವನ್ನು ಸಾಕಷ್ಟು ತಗ್ಗಿಸಿ, ಹುಲ್ಲುಗಾವಲು, ಸವನ್ನಾ ಬಣ್ಣ ಬರುವ ತನಕ. ಅಲ್ಲಿಗೆ ಯಂತ್ರದ ಸಾಮರ್ಥ್ಯ ಮುಗಿಯಿತು. ಅದರಲ್ಲಿ ಋತುಗಳಿಲ್ಲ, ಇರುವುದು ವರ್ಷಕ್ಕೊಂದು ಸರಾಸರಿ. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಈ ಮೂರು ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಇಲ್ಲಿನ ಮಳೆಯ ದೊಡ್ಡದೊಂದು ಪಾಲು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಸುರಿದು ಮುಗಿಯುತ್ತದೆ, ಆಮೇಲೆ ಜನವರಿಯಿಂದ ಏಪ್ರಿಲ್‌ವರೆಗೆ ಆಕಾಶ ನೋಡುವುದೇ ಕೆಲಸ. ಮಳೆ ಎಷ್ಟು ಬಿತ್ತು ಎನ್ನುವುದಕ್ಕಿಂತ ಎಷ್ಟು ತಿಂಗಳು ಬೀಳಲಿಲ್ಲ ಎನ್ನುವುದೇ ತೇಲುದ್ವೀಪದ ಗಿಡ, ಪ್ರಾಣಿ, ಊರನ್ನು ನಿರ್ಧರಿಸುತ್ತದೆ. ಕೆಳಗಿನಿಂದ ಅಂತರ್ಜಲ ಏರುವ ದಾರಿಯಿಲ್ಲ, ಸಾವಿರ ಅಡಿ ಬೋರ್ ಕೊರೆದರೆ ತಳ ತೂತಾಗಿ ಆಚೆಗೆ ಬರುತ್ತದೆ.

ಆದ್ದರಿಂದ ನೀರಿನ ಲೆಕ್ಕ ಕಾಗದದ ಮೇಲೆ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ಇಷ್ಟು ನೆನಪಿದ್ದರೆ ಸಾಕು. ಉದಾಹರಣೆಗೆ ಎರಡು ಕಿ.ಮೀ. ಉದ್ದ, ಎರಡು ಕಿ.ಮೀ. ಅಗಲದ ದ್ವೀಪ, ವರ್ಷಕ್ಕೆ 800 ಮಿ.ಮೀ. ಮಳೆ. ಒಟ್ಟು ಬಿದ್ದದ್ದು 320 ಕೋಟಿ ಲೀಟರ್. ಕೇಳಲು ಭಾರೀ. ಆದರೆ ಸೆಕೆಂಡಿಗೆ ಒಂದು ಘನ ಮೀಟರ್ ಹರಿಯುವ ಸಾಧಾರಣ ಜಲಪಾತ ಇಟ್ಟರೆ, ದ್ವೀಪದ ಮೇಲೆ ಬಿದ್ದ ಇಡೀ ವರ್ಷದ ಮಳೆ 37 ದಿನದಲ್ಲಿ ಖಾಲಿ. ಚಿತ್ರಗಳಲ್ಲಿ ತೇಲುದ್ವೀಪದ ನಾಲ್ಕೂ ಕಡೆ ಧುಮ್ಮಿಕ್ಕುವ ನೀರು ಚೆಂದ. ಮಂತ್ರದ ಬಲವಿಲ್ಲದೆ ಅದು ವರ್ಷವಿಡೀ ನಡೆಯದು. ವೆನೆಜುವೆಲಾದ ಏಂಜೆಲ್ ಜಲಪಾತ 979 ಮೀಟರ್ ಬೀಳುವಷ್ಟರಲ್ಲಿ ನೀರಿನ ಬಹುಪಾಲು ತುಂತುರಾಗಿ ಚದುರುತ್ತದೆ, 2,000 ಮೀಟರ್ ಬೀಳುವ ನೀರಿನ ಗತಿ ಊಹಿಸಿ. ಕೆಳಗಿನವರಿಗೆ ಸಿಗುವುದು ಹೊಳೆಯಲ್ಲ, ಗಾಳಿ ಬೀಸಿದ ಕಡೆಗೆ ಸರಿಯುವ ಸೋನೆ.

ಈಗ ಹಿಡಿದಿಡುವ ನೀರು. ದ್ವೀಪದಲ್ಲಿ ಒಂದು ಚದರ ಕಿ.ಮೀ. ಬೋಳು ಬಂಡೆ ಬಿಡಿ, ಅದರ ಮೇಲೆ ಬಿದ್ದದ್ದರಲ್ಲಿ ಶೇ. 70 ಹರಿದು ಬಂದರೂ 56 ಕೋಟಿ ಲೀಟರ್. ಅದರ ಬುಡದಲ್ಲಿ 10 ಹೆಕ್ಟೇರ್ ಅಗಲ, ಸರಾಸರಿ ಮೂರು ಮೀಟರ್ ಆಳದ ಕೆರೆ ಕಟ್ಟಿದರೆ 30 ಕೋಟಿ ಲೀಟರ್ ನಿಲ್ಲುತ್ತದೆ, ಉಳಿದದ್ದು ಕೋಡಿ ಬಿದ್ದು ಅಂಚಿನಿಂದ ಕೆಳಗೆ. ಇಂಥ ಹವೆಯಲ್ಲಿ ತೆರೆದ ನೀರು ವರ್ಷಕ್ಕೆ ಒಂದೂವರೆ ಮೀಟರ್ ಆವಿಯಾಗುತ್ತದೆ: 15 ಕೋಟಿ ಹೋಯಿತು. ಆಳ ಒಂದೂವರೆ ಮೀಟರ್ ಮಾತ್ರ ಇಟ್ಟಿದ್ದರೆ ಬೇಸಿಗೆಗೆ ಕೆರೆಯೇ ಇರುತ್ತಿರಲಿಲ್ಲ. ಆಳವಾದ, ಕಿರಿದಾದ ದೊಣೆಗಳು ಅಗಲದ ಕೆರೆಗಿಂತ ತೇಲುದ್ವೀಪಕ್ಕೆ ಒಗ್ಗುವುದು ಇದಕ್ಕೇ. ಉಳಿದ 15 ಕೋಟಿಯಲ್ಲಿ ಜನಕ್ಕೆ ದಿನಕ್ಕೆ 55 ಲೀಟರಿನಂತೆ 500 ಮಂದಿಗೆ ವರ್ಷಕ್ಕೆ ಸುಮಾರು ಒಂದು ಕೋಟಿ ಸಾಕು. ಭತ್ತ ನೆಡಲು ಹೊರಟರೋ, ಹೆಕ್ಟೇರಿಗೆ 1,200 ಮಿ.ಮೀ. ಲೆಕ್ಕದಲ್ಲಿ 1.2 ಕೋಟಿ ಲೀಟರ್. ಹನ್ನೆರಡು ಹೆಕ್ಟೇರ್ ತಲುಪುವ ಮೊದಲೇ ಕೆರೆ ತಳ ಕಾಣುತ್ತದೆ. ತೇಲುದ್ವೀಪದವರು ರಾಗಿ, ಸಾಮೆ, ಹುರುಳಿ ತಿನ್ನುತ್ತಾರೆ ಎಂದು ಆಟದಲ್ಲಿ ಬರೆದರೆ ಅದು ಸ್ಥಳೀಯ ಅಭಿಮಾನವಲ್ಲ, ಲೆಕ್ಕ.

ಮಂಜಿನ ನೀರು ಹಿಡಿಯುತ್ತೇವೆ ಎನ್ನುವವರೂ ಇರುತ್ತಾರೆ. ಒಳ್ಳೆಯ ಮಂಜಿನ ಜಾಗದಲ್ಲಿ ಚದರ ಮೀಟರ್ ಬಲೆಗೆ ದಿನಕ್ಕೆ ಮೂರು ಲೀಟರ್ ಎಂದಿಟ್ಟುಕೊಂಡರೆ 100 ಚದರ ಮೀಟರ್ ಬಲೆ ಐದು ಜನರ ಬಳಕೆಗೆ. ಕುಡಿಯಲು ಸರಿ, ಬೆಳೆಗೆ ಆಗದು. ಕೆಳಗಿನಿಂದ ಎತ್ತುವುದಾದರೆ ಸಾವಿರ ಲೀಟರನ್ನು ಎರಡು ಕಿ.ಮೀ. ಏರಿಸಲು ಕನಿಷ್ಠ 5.4 ಯೂನಿಟ್ ವಿದ್ಯುತ್ತಿನಷ್ಟು ಶಕ್ತಿ. ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಕೊಳವೆಯಲ್ಲಿ ಕೋಲಾರದ ಕೆರೆಗಳಿಗೆ ಬಂದಿತಲ್ಲ ಎಂದರೆ, ಅಲ್ಲಿ ಏರಿಳಿತ ಇದರ ಹತ್ತಿರಕ್ಕೂ ಬರುವುದಿಲ್ಲ. ಈ ಶಕ್ತಿ ಯಾವ ಮಂತ್ರದಿಂದ, ಯಾರ ಖರ್ಚಿನಲ್ಲಿ ಎಂದು ಕೇಳಿದರೆ ಆಟಕ್ಕೊಂದು ಒಳ್ಳೆಯ ಜಗಳ ಸಿಗುತ್ತದೆ.

ನದಿಗಳ ವಿಷಯದಲ್ಲಿ ಯಂತ್ರ ತಿಳಿಯದೆಯೇ ಸರಿಯಾಗಿ ನಡೆದುಕೊಳ್ಳುತ್ತದೆ. ಚಿಕ್ಕ ದ್ವೀಪದಲ್ಲಿ ಹರಿವು ಸಾಲದೆ ನದಿ ಹುಟ್ಟುವುದೇ ಇಲ್ಲ. ಬೇಕಾದರೆ ಕೈಯಿಂದ ಸೇರಿಸಬಹುದು, ಸೇರಿಸುವಾಗ ದೇವರಾಯನದುರ್ಗ ನೆನಪಿರಲಿ: ಅಲ್ಲಿ ಹುಟ್ಟುವ ಜಯಮಂಗಲಿ ಉತ್ತರಕ್ಕೆ ಪಿನಾಕಿನಿಯ ಕಡೆ, ಶಿಂಷಾ ದಕ್ಷಿಣಕ್ಕೆ ಕಾವೇರಿಯ ಕಡೆ. ಒಂದೇ ಬೆಟ್ಟದ ನೀರು ಬೇರೆಬೇರೆ ದಿಕ್ಕಿಗೆ ಚೆದರುವುದೇ ಎತ್ತರದ ನೆಲದ ಲಕ್ಷಣ. ದ್ವೀಪದ ನಡುವೆ ಒಂದೇ ದೊಡ್ಡ ಹೊಳೆ ಎಳೆದರೆ ಸುಳ್ಳೆನಿಸುತ್ತದೆ. ಅಂಚಿನ ಕಡೆಗೆ ಐದಾರು ಸಣ್ಣ ತೊರೆ ಬಿಟ್ಟರೆ ಕಣ್ಣು ಒಪ್ಪುತ್ತದೆ.

ಮಣ್ಣಿನ ಬಗ್ಗೆ ಯಂತ್ರ ಏನೂ ಹೇಳುವುದಿಲ್ಲ, ತೇಲುದ್ವೀಪ ಸಾಯುವುದು ಮಾತ್ರ ಮಣ್ಣಿನಿಂದಲೇ. ಬಯಲಿನಲ್ಲಿ ಒಬ್ಬನ ಹೊಲದಿಂದ ಕೊಚ್ಚಿಹೋದದ್ದು ಇನ್ನೊಬ್ಬನ ಕೆರೆಯಲ್ಲಿ ಹೂಳಾಗಿ ಸಿಗುತ್ತದೆ. ಇಲ್ಲಿ ಅಂಚು ದಾಟಿದ್ದು ಮರಳಿ ಬರುವುದಿಲ್ಲ. ಹೆಕ್ಟೇರಿನಲ್ಲಿ ಒಂದು ಮಿ.ಮೀ. ಮೇಲ್ಮಣ್ಣು ಹೋದರೆ ಸುಮಾರು 13 ಟನ್. ಬಂಡೆ ಕರಗಿ ಒಂದು ಸೆಂ.ಮೀ. ಮಣ್ಣಾಗಲು ನೂರಾರು ವರ್ಷ ಬೇಕು. ಮಣ್ಣಿನ ಜೊತೆಗೆ ರಂಜಕವೂ ಹೋಗುತ್ತದೆ. ಸಾರಜನಕವನ್ನು ಹುರುಳಿ, ಅವರೆ, ಹೊಂಗೆಯಂಥವು ಬೇರಿನ ಗಂಟುಗಳ ಮೂಲಕ ಗಾಳಿಯಿಂದ ತಂದುಕೊಡುತ್ತವೆ, ರಂಜಕಕ್ಕೆ ಆ ದಾರಿಯಿಲ್ಲ. ಹೊರಗಿನಿಂದ ಬರುವುದಿದ್ದರೆ ಎರಡೇ ಕಡೆಯಿಂದ: ಧೂಳು, ಹಕ್ಕಿ. ಸಹಾರಾದ ಧೂಳು ಅಟ್ಲಾಂಟಿಕ್ ದಾಟಿ ಅಮೆಜಾನ್ ಕಾಡಿಗೆ ವರ್ಷಕ್ಕೆ ಸುಮಾರು 22,000 ಟನ್ ರಂಜಕ ಸುರಿಯುತ್ತದೆ ಎಂದು 2015ರಲ್ಲಿ ನಾಸಾದ ಉಪಗ್ರಹ ದತ್ತಾಂಶದಿಂದ ಅಂದಾಜಿಸಿದರು. ಹಕ್ಕಿಯ ಮಾತಿಗೆ ಐಸ್‌ಲೆಂಡ್ ಬಳಿಯ ಸರ್ಟ್ಸೀ ಸಾಕ್ಷಿ. 1963ರಲ್ಲಿ ಜ್ವಾಲಾಮುಖಿಯಿಂದ ಎದ್ದ ಆ ದ್ವೀಪದಲ್ಲಿ ಗಿಡಗಳು 1965ರಿಂದ ಕಾಣಿಸಿಕೊಂಡರೂ ಕುಂಟುತ್ತಿದ್ದವು; 1986ರ ಹೊತ್ತಿಗೆ ಕಡಲಹಕ್ಕಿಗಳು ಗುಂಪಾಗಿ ಗೂಡುಕಟ್ಟಲು ಶುರುಮಾಡಿದ ಮೇಲೆ ಹಿಕ್ಕೆಯ ಗೊಬ್ಬರದಿಂದ ಹಸಿರು ಹಬ್ಬಿತು. ನಮ್ಮ ಕಡೆಯದೇ ಬೇಕೆಂದರೆ ಶಿರಾ ತಾಲ್ಲೂಕಿನ ಕಗ್ಗಲಡು ಇದೆ. ಬಣ್ಣದ ಕೊಕ್ಕರೆಗಳು ಊರಿನ ಹುಣಸೆಮರಗಳಲ್ಲಿ ಗೂಡು ಕಟ್ಟುತ್ತವೆ, ಮೀನು ಹಿಡಿಯುವುದು ಸುತ್ತಲಿನ ಕೆರೆಗಳಲ್ಲಿ. ಕೆರೆಯ ಸತ್ವ ಮರದ ಬುಡಕ್ಕೆ ಬಂದು ಬೀಳುತ್ತದೆ.

ಹಾಗಾಗಿ ತೇಲುದ್ವೀಪದ ಮೂಲಪ್ರಾಣಿ ಹಕ್ಕಿ. ಕೆಳಗಿನ ಬಯಲಲ್ಲಿ ತಿಂದು ಮೇಲೆ ಹಿಕ್ಕೆ ಹಾಕುವ ಹಿಂಡು ಇಲ್ಲದಿದ್ದರೆ ಕಾಡಿನ ಕನಸು ಬಿಡಿ. ದಕ್ಷಿಣ ಅಮೆರಿಕದ ರೊರೈಮಾದಂಥ ಮೇಜುಬೆಟ್ಟಗಳ ನೆತ್ತಿಯಲ್ಲಿ ಮಳೆ ಬೇಕಾದಷ್ಟಿದ್ದೂ ಸತ್ವವೆಲ್ಲ ತೊಳೆದುಹೋಗಿ, ಹುಳು ಹಿಡಿದು ತಿನ್ನುವ ಹೂಜಿಗಿಡಗಳು ಬೆಳೆದಿವೆ. ಯಂತ್ರದ ಬಯೋಮ್ ಎಡಿಟರಿನಲ್ಲಿ ಹೊಸ ಜೀವವಲಯ ಸೇರಿಸಿ ಕೋಶಗಳಿಗೆ ಕೈಯಿಂದ ಬಣ್ಣ ಹಚ್ಚುವ ಸೌಲಭ್ಯ ಇದೆ. ಇದು ಇಡೀ ಉಪಕರಣದಲ್ಲಿ ನಮಗೆ ಅತಿ ಉಪಯೋಗದ ಭಾಗ. ಅಂಚಿನಿಂದ ಒಳಕ್ಕೆ ಮೊದಲ ಪಟ್ಟಿ ಬೋಳು ಬಂಡೆ: ಕಲ್ಲುಹೂವು, ಪಾಚಿ, ಒಣಗಿ ಮುದುಡಿ ಮಳೆ ಬಿದ್ದೊಡನೆ ಹಸಿರಾಗುವ ಹುಲ್ಲು. ಗಾಳಿಯ ಹೊಡೆತ ಅಲ್ಲೇ ಜಾಸ್ತಿ, ಮರ ನಿಲ್ಲದು. ಒಳಗೆ ಸೀತಾಫಲ, ತುಗ್ಗಲಿ, ಕಕ್ಕೆಯ ಕುರುಚಲು. ಬಂಡೆಯ ಬಿರುಕಿನಲ್ಲಿ ಆಲ, ಬಸರಿ, ಹಕ್ಕಿ ತಂದ ಬೀಜದಿಂದ. ದೊಣೆಯ ಸುತ್ತ ಜರಿಗಿಡ. ಹಕ್ಕಿಗೂಡಿನ ಮರಗಳ ಕೆಳಗೆ ಮಾತ್ರ ದಟ್ಟ ಕಾಡು. ಈ ಐದು ವಲಯ ಸೇರಿಸಿದರೆ ಯಂತ್ರ ಹಚ್ಚಿಕೊಟ್ಟದ್ದನ್ನು ಪೂರಾ ಮುಚ್ಚಿಬಿಡಬಹುದು. ಹೊಲ ಮಾಡುವ ಜನ ಇದ್ದರೆ ಬೇಸಿಗೆಯಲ್ಲಿ ಕೆರೆಯ ಹೂಳೆತ್ತಿ ಹೊಲಕ್ಕೆ ಹೊಡೆಯುವ ಕೆಲಸವನ್ನು ಊರಿನ ಕಾನೂನನ್ನಾಗಿಸಿ. ನಮ್ಮ ರೈತರು ಮಾಡಿಕೊಂಡು ಬಂದದ್ದೇ ಅದು. ತೇಲುದ್ವೀಪದಲ್ಲಿ ಅದನ್ನು ತಪ್ಪಿಸಿದವನಿಗೆ ದಂಡ ಹಾಕುವಷ್ಟು ಮುಖ್ಯ.

ಜನಸಂಖ್ಯೆಯಲ್ಲಿ ಯಂತ್ರ ದೊಡ್ಡದಾಗಿ ಎಡವುತ್ತದೆ. ಅದರ ಒಂದು ಅಂಕಕ್ಕೆ ಸಾಮಾನ್ಯವಾಗಿ 1,000 ಜನ. ನಾಲ್ಕು ಚದರ ಕಿ.ಮೀ. ದ್ವೀಪದ ಮೇಲೆ ಹಲವು ಸಾವಿರ ಜನರ ಪೇಟೆ ಎಬ್ಬಿಸಿ ಕೂರಿಸುತ್ತದೆ. ಮಳೆಯಾಶ್ರಿತ ರಾಗಿ ಹೆಕ್ಟೇರಿಗೆ 15 ಕ್ವಿಂಟಲ್, ಆಳಿಗೆ ವರ್ಷಕ್ಕೆ 180 ಕಿಲೋ ಎಂದು ಹಿಡಿದರೆ 500 ಮಂದಿಗೆ 60 ಹೆಕ್ಟೇರ್. ಬಿತ್ತನೆಬೀಜ, ಬೀಳುಭೂಮಿ, ಬರಗಾಲದ ಕಣಜ ಸೇರಿಸಿ 100 ಹೆಕ್ಟೇರ್, ಅಂದರೆ ಒಂದು ಚದರ ಕಿ.ಮೀ. ಇನ್ನೊಂದು ಚದರ ಕಿ.ಮೀ. ಆಗಲೇ ಬಂಡೆಗೆ, 10 ಹೆಕ್ಟೇರ್ ಕೆರೆಗೆ ಹೋಗಿದೆ. ಮೇವು, ಸೌದೆ, ಕಾಡಿಗೆ ಉಳಿದದ್ದು 190 ಹೆಕ್ಟೇರ್. ಯೂನಿಟ್ಸ್ ಎಡಿಟರಿಗೆ ಹೋಗಿ ಜನಸಂಖ್ಯೆಯ ದರ ಇಳಿಸಿ, ಇಡೀ ದ್ವೀಪದ ಮೊತ್ತ 500 ದಾಟದಂತೆ ನೋಡಿಕೊಳ್ಳಬೇಕು.

ಆ 190 ಹೆಕ್ಟೇರಿನಲ್ಲಿ ಹೆಕ್ಟೇರಿಗೆ ಎರಡು ಟನ್ ಒಣಮೇವು, ಅರ್ಧ ಮಾತ್ರ ತಿನ್ನಲು ಸಿಗುವಂಥದ್ದು ಎಂದರೆ 190 ಟನ್. ಮೂವತ್ತು ಕಿಲೋ ತೂಕದ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗದಷ್ಟು ದೊಡ್ಡ ಪ್ರಾಣಿ ದಿನಕ್ಕೆ ಒಂದು ಕಿಲೋ ತಿನ್ನುತ್ತದೆ. ಕಾಗದದ ಮೇಲೆ 500 ಪ್ರಾಣಿ, ಬೇಸಿಗೆ ತಡೆಯಬೇಕಾದರೆ 250. ಈಗ ಮೇಲೆ ಬೇಟೆಗಾರನನ್ನು ಕೂರಿಸಿ. ಹುಲಿಗೆ ವರ್ಷಕ್ಕೆ ಸುಮಾರು 50 ಬೇಟೆ ಬೇಕು, ಹಿಂಡು ಸವೆಯದಿರಲು ಹಿನ್ನೆಲೆಯಲ್ಲಿ 500 ಗೊರಸಿನ ಪ್ರಾಣಿಗಳಿರಬೇಕು. ನಮ್ಮ ದ್ವೀಪ ಅರ್ಧ ಹುಲಿಯನ್ನು ಸಾಕೀತು! ಡ್ರ್ಯಾಗನ್ ಎಂದರೆ ಹುಲಿಯ ಹತ್ತುಪಟ್ಟು ತೂಕ, ಆಹಾರ ಹತ್ತುಪಟ್ಟಲ್ಲ, ಸುಮಾರು 5.6 ಪಟ್ಟು, ದೊಡ್ಡ ಮೈಗೆ ಕಿಲೋವಾರು ಮೇವು ಕಡಿಮೆ ಸಾಕು. ಆದರೂ ವರ್ಷಕ್ಕೆ 280 ಬೇಟೆ, 2,800ರ ಹಿಂಡು. ಇಂಥ ಹನ್ನೊಂದು ಹನ್ನೆರಡು ದ್ವೀಪಗಳಿಗೆ ಒಂದೇ ಡ್ರ್ಯಾಗನ್. ಗುಹೆಯಲ್ಲಿ ಸದಾ ಮಲಗಿರುವ ಡ್ರ್ಯಾಗನ್ ಬದಲು ಸರದಿಯ ಮೇಲೆ ಬರುವ ಡ್ರ್ಯಾಗನ್ ಆಟಕ್ಕೂ ಚೆನ್ನ: ಆಟಗಾರರು ಅದರ ಸರದಿ ಕಂಡುಹಿಡಿಯಬೇಕು.

ಎದುರಾಗುವ ಪ್ರಾಣಿಗಳ ಪಟ್ಟಿಯನ್ನೂ ಇದೇ ಲೆಕ್ಕಕ್ಕೆ ಹೊಂದಿಸಿ. ಎರಡು ಆರುಮುಖದ ದಾಳ ಹಾಕಿದರೆ 6, 7, 8 ಬರುವುದು 36ರಲ್ಲಿ 16 ಸಲ. ಅಲ್ಲಿ ಹಕ್ಕಿ, ಮೇಯುವ ಪ್ರಾಣಿ. 12 ಬರುವುದು 36ರಲ್ಲಿ ಒಂದೇ ಸಲ, ಬೇಟೆಗಾರ ಅಲ್ಲಿಗೆ. ಇಪ್ಪತ್ತುಮುಖದ ದಾಳದ ಪಟ್ಟಿ ಮಾಡಿದರೆ ಎಲ್ಲಕ್ಕೂ ಸಮಪಾಲು ಬಂದು ಮೊಲದಷ್ಟೇ ಡ್ರ್ಯಾಗನ್ ಸಿಗುತ್ತದೆ, ಜೀವಲೋಕ ಅಲ್ಲಿಗೆ ಕುಸಿಯಿತು. ದ್ವೀಪದಿಂದ ದ್ವೀಪಕ್ಕೆ ಜಾತಿಗಳ ಸಂಖ್ಯೆಯೂ ಒಂದೇ ಇರಬಾರದು. ವಿಸ್ತೀರ್ಣ ಹತ್ತುಪಟ್ಟಾದರೆ ಜಾತಿಗಳು ಹತ್ತುಪಟ್ಟಾಗುವುದಿಲ್ಲ, ಸುಮಾರು 1.8 ಪಟ್ಟಾಗುತ್ತವೆ. ನಾಲ್ಕು ಚದರ ಕಿ.ಮೀ. ದ್ವೀಪಕ್ಕೆ 100 ಬಗೆಯ ಗಿಡ ಬರೆದಿದ್ದರೆ 40 ಚದರ ಕಿ.ಮೀ. ದ್ವೀಪಕ್ಕೆ 178, ಅರ್ಧ ಚದರ ಕಿ.ಮೀ.ಗೂ ಕಮ್ಮಿ ಇರುವ ತುಣುಕಿಗೆ 56. ದೂರ ಹೆಚ್ಚಿದಷ್ಟೂ ಇನ್ನೂ ಕಡಿಮೆ, ಹಾರಲಾರದವು ಮೊದಲು ಬಿಟ್ಟುಹೋಗುತ್ತವೆ. ಹಡಗುಕಟ್ಟೆ ಇರುವ ದ್ವೀಪಕ್ಕೆ ಮಾತ್ರ ಬೇರೆ ಅಪಾಯ. ಮೇಕೆಗಳು ಬಳ್ಳಾರಿ ಜಾಲಿಯ ಕಾಯಿ ತಿಂದು ಹಿಕ್ಕೆಯಲ್ಲಿ ಬೀಜ ಚೆಲ್ಲುತ್ತವೆ. ಗಾಳಿಹಡಗಿನಲ್ಲಿ ಒಂದು ಮಂದೆ ಮೇಕೆ ಬಂದಿಳಿದರೆ ಕೆರೆಯಂಗಳ ಮುಳ್ಳು ಪೊದೆಯಾಗುವುದಕ್ಕೆ ಹೆಚ್ಚು ಮಳೆಗಾಲ ಬೇಡ.

ಒಂದೇ ಪದರದ ನಕ್ಷೆ ಎಂಬುದು ಈ ಯಂತ್ರದ ಇನ್ನೊಂದು ಮಿತಿ. ದ್ವೀಪದ ತಳ ತೋರಿಸಲಾಗದು, ಕೆಳಗಿನ ಬಯಲೂ ಬಾರದು. ತಳಕ್ಕೆ ಬೇರೆ ಕಾಗದದಲ್ಲಿ ಅಡ್ಡಸೀಳು ಚಿತ್ರ ಬರೆದುಕೊಳ್ಳಿ: ಮಳೆ ಬೀಳದ, ಬೆಳಿಗ್ಗೆ ಸಂಜೆ ಮಾತ್ರ ಓರೆಬಿಸಿಲು ತಾಗುವ, ಬಿರುಕಿನಿಂದ ಜಿನುಗುವ ಜಾಗ. ಅಲ್ಲಿ ಹೆಜ್ಜೇನು ಸರಿಯಾಗಿ ಹೊಂದುತ್ತದೆ. ಚಾಚುಬಂಡೆಯ ಕೆಳಗೆ ತೆರೆದ ಹುಟ್ಟಿ ಕಟ್ಟುವುದು, ಹೂವಿನ ಕಾಲ ಮುಗಿದರೆ ಜಾಗ ಬಿಡುವುದು ಅದರ ರೂಢಿಯೇ. ಬಾವಲಿ, ಪಾರಿವಾಳ ಜೊತೆಗಿರಲಿ.

ಕೆಳಗಿನ ಬಯಲಿಗೆ ಇನ್ನೊಂದು ನಕ್ಷೆ ಮಾಡಿ, ಎರಡನ್ನೂ ಪಿಎನ್‌ಜಿಯಾಗಿ ಇಳಿಸಿಕೊಂಡು ಚಿತ್ರ ತಿದ್ದುವ ಸಾಫ್ಟ್‌ವೇರ್ ಗಿಂಪ್‌ನಲ್ಲಿ ಒಂದರ ಮೇಲೊಂದು ಇಟ್ಟರೆ ನೆರಳಿನ ಜಾಗ ಗುರುತಿಸಬಹುದು. ನೆರಳು ಬಹಳ ಜನ ಮರೆಯುವ ವಿಷಯ. ಸೂರ್ಯ ನೆತ್ತಿಯ ಮೇಲೆ ಹಾಯುವ ದಿನ, ಎರಡು ಕಿ.ಮೀ. ಅಗಲದ ದ್ವೀಪ 4 ಕಿ.ಮೀ. ಎತ್ತರದಲ್ಲಿದ್ದರೆ ಕೆಳಗಿನ ಹೊಲಕ್ಕೆ ಸುಮಾರು ಎರಡು ಗಂಟೆ ನೆರಳು, 2 ಕಿ.ಮೀ.ಗೆ ಮೂರೂವರೆ ಗಂಟೆ, 1 ಕಿ.ಮೀ.ಗೆ ಆರು, 500 ಮೀಟರಿಗೆ ಎಂಟೂವರೆ. ಎರಡು ಗಂಟೆ ನೆರಳಲ್ಲಿ ರಾಗಿ ಬರುತ್ತದೆ. ಎಂಟೂವರೆ ಗಂಟೆ ನೆರಳಲ್ಲಿ ಬಾರದು. ಅಲ್ಲಿ ವೀಳ್ಯದೆಲೆ, ಶುಂಠಿ, ಅರಿಶಿನ ಬರೆಯಿರಿ. ಮೇಲಿನವರು ದ್ವೀಪ ಇಳಿಸಿದರೆ ಕೆಳಗಿನವರ ಬೆಳೆ ಹೋಗುತ್ತದೆ. ರಾಜ್ಯಗಳ ನಡುವೆ ವ್ಯಾಜ್ಯ ಹುಟ್ಟಲು ಬೇರೆ ಕಾರಣ ಹುಡುಕಬೇಕಿಲ್ಲ.

ಹೆಸರುಗಳ ಭಾಗ ಸಂತೋಷ ಕೊಡುತ್ತದೆ. ಯಂತ್ರದ ಹೆಸರುಕೋಶಗಳಲ್ಲಿ ಕರ್ನಾಟಕ ಎಂದೇ ಒಂದಿದೆ, ನಮ್ಮ ಊರುಗಳ ಹೆಸರನ್ನು ಕಲಸಿ ಹೊಸದನ್ನು ಹುಟ್ಟಿಸುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಬರುತ್ತದೆ, ಕೆಲವು ನಗೆ ತರಿಸುತ್ತವೆ, ಆದರೂ ಹತ್ತರಲ್ಲಿ ನಾಲ್ಕು ನಿಜವಾದ ಹಳ್ಳಿಯ ಹೆಸರೇ ಅನಿಸುವಂತಿರುತ್ತವೆ. ದುರ್ಗ, ಪಲ್ಲಿ, ಸಂದ್ರ, ಕುಂಟೆ ಎಂದು ಮುಗಿಯುವ ನಿಮ್ಮ ತಾಲ್ಲೂಕಿನ ಹೆಸರುಗಳನ್ನು ಅಲ್ಪವಿರಾಮ ಹಾಕಿ ಸೇರಿಸಿದರೆ ಇನ್ನೂ ಸೊಗಸು.

ಕಂಪ್ಯೂಟರಿನ ವಿಷಯಕ್ಕೆ ಬಂದರೆ, 4 ಜಿಬಿ ರ‍್ಯಾಮ್‌ನ ಹಳೆಯ ಲ್ಯಾಪ್‌ಟಾಪಿಗೆ 10,000 ಕೋಶ ದಾಟಿಸಬೇಡಿ. ಫೋನಿನಲ್ಲಿ ತೆರೆಯುತ್ತದೆ, ಕೆಲಸ ಮಾಡಲು ಕಷ್ಟ. ಬ್ರೌಸರಿನ ಒಳಗೆ ಉಳಿಸಿದ್ದನ್ನು ನಂಬಬೇಡಿ, ಹಿಸ್ಟರಿಯ ಜೊತೆ ಸೈಟ್ ಡೇಟಾ ಅಳಿಸಿದರೆ ಅದೂ ಹೋಗುತ್ತದೆ. ಮ್ಯಾಪ್ ಫೈಲನ್ನು ಕಂಪ್ಯೂಟರಿಗೆ ಇಳಿಸಿ, ಒಂದು ಪ್ರತಿ ಪೆನ್‌ಡ್ರೈವಿಗೂ ಹಾಕಿಡಿ. ಮುದ್ರಣಕ್ಕೆ ಎಸ್‌ವಿಜಿ ಒಯ್ದರೆ ಅಕ್ಷರಶೈಲಿ ಇಲ್ಲದೆ ಹೆಸರುಗಳು ಕೆಡಬಹುದು, ಆದ್ದರಿಂದ ದೊಡ್ಡ ಅಳತೆಯ ಪಿಎನ್‌ಜಿಯನ್ನೇ ಕೊಡಿ. ಮೇಜಿನ ಮೇಲೆ ಹರಡಿ ಆಡಲು 12×18 ಇಂಚಿನ ಶೀಟ್ ಸಾಕು, ಡಿಜಿಟಲ್ ಪ್ರಿಂಟ್ ಅಂಗಡಿಗಳಲ್ಲಿ ಮ್ಯಾಟ್ ಲ್ಯಾಮಿನೇಶನ್ ಹಾಕಿಸಿಕೊಂಡರೆ ಬೋರ್ಡ್ ಮಾರ್ಕರಿನಲ್ಲಿ ಬರೆದು ಒರೆಸುವುದು ಅಷ್ಟು ಸಲೀಸಲ್ಲ, ಗ್ಲಾಸಿಯನ್ನೇ ಹಾಕಿಸಿ. ಫ್ಲೆಕ್ಸ್ ಅಗ್ಗ, ಆದರೆ ಸಣ್ಣ ಅಕ್ಷರ ಅದರಲ್ಲಿ ಓದಲಾಗದು.

ಬರೀ ಚೆಂದದ ಚಿತ್ರ ಬೇಕಿದ್ದವರಿಗೆ ಇಂಕಾರ್ನೇಟ್, ವಂಡರ್‌ಡ್ರಾಫ್ಟ್ ಎಂಬ ನಕ್ಷೆ ಬರೆಯುವ ಸಾಧನಗಳು ಇದಕ್ಕಿಂತ ಮೇಲು, ಹವೆ ಮಳೆಯ ಲೆಕ್ಕ ಅವುಗಳ ಕೆಲಸವೇ ಅಲ್ಲ. ಒಂದೇ ದ್ವೀಪದ ಆಟವಾದರೆ ಯಾವ ಸಾಫ್ಟ್‌ವೇರೂ ಬೇಡ, ಷಟ್ಕೋನದ ಗೆರೆಹಾಳೆ, ಪೆನ್ಸಿಲ್ ಸಾಕು. ಹತ್ತಕ್ಕೂ ಹೆಚ್ಚು ದ್ವೀಪ, ಅವುಗಳ ನಡುವೆ ರಾಜ್ಯ, ದಾರಿ, ಡ್ರ್ಯಾಗನ್ ಸರದಿ ಎಲ್ಲ ಬೇಕಾದಾಗ ಅಜ್ಗಾರ್ ತೆರೆಯಿರಿ. ಮಳೆಯ ಪ್ರಮಾಣ ತಗ್ಗಿಸುವುದನ್ನೂ ಜನಸಂಖ್ಯೆಯ ದರ ಇಳಿಸುವುದನ್ನೂ ಊರುಗಳಿಗೆ ಹೆಸರಿಡುವ ಮೊದಲೇ ಮುಗಿಸಿಕೊಳ್ಳಿ.